ಚಂದ್ರನ ಮೇಲೆ ಇಳಿಯುವ ಮುನ್ನ ಪಕ್ಕದವರಿಗೆ ಹೇಳಬೇಕಲ್ವಾ?

ಮಾನ್ಯ ಸಂಪಾದಕರೇ,

ಚಂದ್ರನ ಕಡೆ ಹೊಸ ನೌಕೆ ಹೊರಟಾಗಲೆಲ್ಲ ಎರಡೇ ಮಾತು ಕೇಳಿಬರುತ್ತವೆ. ಮೊದಲು ಯಾರು? ಚಂದ್ರ ಯಾರ ಪಾಲಿಗೆ? ಎರಡನೆಯದಕ್ಕೆ 1967ರ ಬಾಹ್ಯಾಕಾಶ ಒಪ್ಪಂದದಲ್ಲೇ ಉತ್ತರವಿದೆ. ಯಾವ ದೇಶವೂ ಚಂದ್ರನನ್ನು ತನ್ನದು ಅನ್ನುವ ಹಾಗಿಲ್ಲ. ಬಾವುಟ ನೆಟ್ಟರೂ ಅಷ್ಟೇ, ನೆಲೆ ಕಟ್ಟಿದರೂ ಅಷ್ಟೇ. ಒಬ್ಬರು ಈಗಾಗಲೇ ಇರುವ ಜಾಗದ ಪಕ್ಕ ಇನ್ನೊಬ್ಬರು ಇಳಿಯುವಾಗ ಯಾರಿಗೆ, ಏನು, ಎಷ್ಟು ದಿನ ಮೊದಲು ತಿಳಿಸಬೇಕು ಎನ್ನುವುದನ್ನು ಮಾತ್ರ ಯಾರೂ ಜಾಸ್ತಿ ಕೇಳುತ್ತಿಲ್ಲ.

1969ರ ನವೆಂಬರ್‌ನಲ್ಲಿ ಅಪೋಲೊ 12 ಇಳಿದದ್ದು ಸರ್ವೇಯರ್ 3 ಎಂಬ ನೌಕೆಯಿಂದ ಸುಮಾರು 160 ಮೀಟರ್ ದೂರದಲ್ಲಿ. ಸರ್ವೇಯರ್ ಅಲ್ಲಿ ನಿಂತು ಎರಡೂವರೆ ವರ್ಷ ಆಗಿತ್ತು. ಗಗನಯಾತ್ರಿಗಳು ಅದರ ಕ್ಯಾಮೆರಾ ಬಿಚ್ಚಿ ಭೂಮಿಗೆ ತಂದರು. ಪರೀಕ್ಷಿಸಿ ನೋಡಿದರೆ ಅಪೋಲೊ ಕಡೆಗಿದ್ದ ಮೈಯೆಲ್ಲ ಮರಳಿನಿಂದ ಉಜ್ಜಿದ ಹಾಗಿತ್ತು, ಸಣ್ಣ ಸಣ್ಣ ಕುಳಿ ಬಿದ್ದಿದ್ದವು. ಏನಾದರೂ ಅಡ್ಡ ಇದ್ದ ಕಡೆ ಮಾತ್ರ ಅದರ ನೆರಳಿನ ಆಕಾರದಲ್ಲಿ ಮೈ ಮೊದಲಿನಂತೇ ಉಳಿದಿತ್ತು. ಇಳಿಯುವ ನೌಕೆಯ ಎಂಜಿನ್ ಎಬ್ಬಿಸಿದ ಧೂಳು ಮಾಡಿದ ಕೆಲಸ ಇದು. ಚಂದ್ರನಲ್ಲಿ ಗಾಳಿ ಇಲ್ಲ, ಹಾಗಾಗಿ ಹಾರಿದ ಧೂಳಿನ ವೇಗ ತಗ್ಗುವುದಿಲ್ಲ, ಬಹಳ ದೂರ ಹೋಗುತ್ತದೆ. ಆಗ ಎರಡೂ ನೌಕೆ ಅಮೆರಿಕದವೇ ಆಗಿದ್ದರಿಂದ ತಕರಾರು ಬರಲಿಲ್ಲ.

ಇದೇ ಕೆಲಸ ಎರಡು ದೇಶಗಳ ನಡುವೆ ನಡೆದರೆ? 1972ರ ಹೊಣೆಗಾರಿಕೆ ಒಪ್ಪಂದ ಇದೆ. ಉಪಗ್ರಹ ಭೂಮಿಯ ಮೇಲೆ ಬಿದ್ದು ಹಾನಿಯಾದರೆ, ತಪ್ಪು ಯಾರದು ಅಂತ ನೋಡದೆ ಉಡಾಯಿಸಿದ ದೇಶ ಪರಿಹಾರ ಕೊಡಬೇಕು. 1978ರಲ್ಲಿ ಸೋವಿಯತ್ ಒಕ್ಕೂಟದ ಕಾಸ್ಮೋಸ್ 954 ಉಪಗ್ರಹ ಕೆನಡಾದಲ್ಲಿ ಬಿದ್ದು, ಕೊನೆಗೆ 30 ಲಕ್ಷ ಕೆನಡಾ ಡಾಲರ್‌ಗೆ ರಾಜಿಯಾಯಿತು. ಆದರೆ ಹಾನಿ ಚಂದ್ರನ ಮೇಲಾದರೆ ಎದುರಿನವರ ತಪ್ಪನ್ನು ಸಾಬೀತು ಮಾಡಬೇಕು. ಎಷ್ಟು ಹತ್ತಿರ ಇಳಿದರೆ ತಪ್ಪು ಎನ್ನುವ ನಿಯಮವೇ ಇಲ್ಲದಿರುವಾಗ ಸಾಬೀತು ಮಾಡುವುದಾದರೂ ಹೇಗೆ?

ಮಾತಾಡಿಕೊಂಡರೆ ಕೆಲಸ ಸಲೀಸು ಎನ್ನುವುದಕ್ಕೆ ಉದಾಹರಣೆ ಇದೆ. 2021ರ ಅಕ್ಟೋಬರ್ 20ರಂದು ಚಂದ್ರಯಾನ 2ರ ಆರ್ಬಿಟರ್ (ಚಂದ್ರನನ್ನು ಸುತ್ತುವ ನೌಕೆ) ಮತ್ತು ಅಂಥದ್ದೇ ನೌಕೆಯಾದ ನಾಸಾದ ಎಲ್‌ಆರ್‌ಒ ಚಂದ್ರನ ಉತ್ತರ ಧ್ರುವದ ಬಳಿ ತೀರಾ ಹತ್ತಿರ ಬರಲಿದ್ದವು. ನಡುವಿನ ಅಂತರ ಸುಮಾರು 3 ಕಿಲೋಮೀಟರ್, ಎತ್ತರದ ವ್ಯತ್ಯಾಸ 100 ಮೀಟರ್‌ಗೂ ಕಡಿಮೆ. ಇಸ್ರೊ ಮತ್ತು ನಾಸಾ ಒಂದು ವಾರ ಮೊದಲೇ ಲೆಕ್ಕ ಹಾಕಿದವು. ಇಬ್ಬರ ಲೆಕ್ಕವೂ ತಾಳೆಯಾಯಿತು. ಚಂದ್ರಯಾನ ಸರಿಯಬೇಕು ಎಂದು ತೀರ್ಮಾನವಾಗಿ, 18ರಂದೇ ಅದರ ಕಕ್ಷೆ ಬದಲಾಯಿತು. ಯಾವ ಒಪ್ಪಂದದ ಯಾವ ವಿಧಿಯನ್ನೂ ಹುಡುಕಬೇಕಾಗಲಿಲ್ಲ.

ಎಲ್ಲರ ನಡುವೆಯೂ ಹೀಗೆ ಮಾತು ನಡೆಯುವುದಿಲ್ಲ ಎನ್ನುವುದೇ ತೊಂದರೆ. ನಾಸಾ ಚೀನಾದ ಜತೆ ನೇರವಾಗಿ ಕೈಜೋಡಿಸದಂತೆ ಅಮೆರಿಕದ ಕಾನೂನು 2011ರಿಂದ ತಡೆದಿದೆ. ಚೀನಾದ ಚಾಂಗ್'ಇ-4 ನೌಕೆ ಚಂದ್ರನ ಮೇಲೆ ಇಳಿಯುವಾಗ ಏಳುವ ಧೂಳನ್ನು ಎಲ್‌ಆರ್‌ಒದಿಂದ ಗಮನಿಸುವ ಬಗ್ಗೆ ಚೀನಾದ ಜತೆ ಚರ್ಚಿಸಲೂ ನಾಸಾ ತನ್ನ ಸರ್ಕಾರ ಮತ್ತು ಸಂಸತ್ತಿನ ಅನುಮತಿ ಪಡೆಯಬೇಕಾಯಿತು. ಕೊನೆಗೆ ಎಲ್‌ಆರ್‌ಒವನ್ನು ಸಮಯಕ್ಕೆ ಸರಿಯಾದ ಜಾಗಕ್ಕೆ ತರಲು ಆಗಲಿಲ್ಲ. ಧೂಳು ನೋಡುವುದಕ್ಕೇ ಇಷ್ಟು ರಗಳೆ!

ಚಂದ್ರನ ಮೇಲಿನ ಕೆಲಸಗಳು ಹೇಗೆ ನಡೆಯಬೇಕು ಎನ್ನುವ ಬಗ್ಗೆ ಅಮೆರಿಕದ ಮುಂದಾಳತ್ವದಲ್ಲಿ ಆಗಿರುವ ಆರ್ಟೆಮಿಸ್ ಒಡಂಬಡಿಕೆಯಲ್ಲಿ 'ಸುರಕ್ಷತಾ ವಲಯ' ಎಂಬ ಮಾತಿದೆ. ಭಾರತವೂ 2023ರ ಜೂನ್‌ನಲ್ಲಿ ಇದಕ್ಕೆ ಸಹಿ ಹಾಕಿದೆ. ನಾವು ಇಂಥ ಕಡೆ ಕೆಲಸ ಮಾಡುತ್ತಿದ್ದೇವೆ, ಬರುವುದಾದರೆ ತಿಳಿಸಿ ಎನ್ನುವುದು ಅದರ ಸಾರ. ಧೂಳಿನ ಕಥೆ ಗೊತ್ತಿದ್ದವರಿಗೆ ಇದು ಅಗತ್ಯ ಅನ್ನಿಸುತ್ತದೆ, ನನಗೂ ಅನ್ನಿಸುತ್ತದೆ. ಆದರೆ ನೀರಿಗೆ ಮಂಜುಗಡ್ಡೆ ಬೇಕು, ವಿದ್ಯುತ್ತಿಗೆ ಬಿಸಿಲು ಬೇಕು; ಚಂದ್ರನ ದಕ್ಷಿಣ ಧ್ರುವದಲ್ಲಿ ಮಂಜುಗಡ್ಡೆ ಇರುವ ಕುಳಿಗಳ ಹತ್ತಿರವೇ ಒಳ್ಳೆಯ ಬಿಸಿಲೂ ಬೀಳುವ ಜಾಗಗಳು ಕಡಿಮೆ. ಅಲ್ಲಿ ವಲಯದ ಹೆಸರಲ್ಲಿ ಬಸ್ಸಿನ ಸೀಟಿಗೆ ಟವೆಲ್ ಹಾಕಿದ ಹಾಗೆ ಜಾಗ ಹಿಡಿಯುವುದು ಸುಲಭ. ವಲಯ ತಾತ್ಕಾಲಿಕ ಎಂದು ಒಡಂಬಡಿಕೆ ಹೇಳುತ್ತದೆ, ಎಷ್ಟು ವರ್ಷ ಎಂದು ಹೇಳುವುದಿಲ್ಲ. ಚೀನಾ, ರಷ್ಯಾ ಇದಕ್ಕೆ ಸಹಿಯನ್ನೇ ಹಾಕಿಲ್ಲ. ಅವರದು ಬೇರೆಯೇ ಸಂಶೋಧನಾ ನೆಲೆಯ ಯೋಜನೆ. ಅಂದ ಮೇಲೆ ಒಂದು ಗುಂಪಿನ ವಲಯವನ್ನು ಇನ್ನೊಂದು ಗುಂಪು ಏಕೆ ಒಪ್ಪಬೇಕು?

ಹೊಸ ದೊಡ್ಡ ಒಪ್ಪಂದಕ್ಕೆ ಕಾಯುತ್ತಾ ಕೂರುವುದು ಬೇಡ. 1979ರ ಚಂದ್ರ ಒಪ್ಪಂದದ ಗತಿ ನೋಡಿದ್ದೇವೆ. ಚಂದ್ರನ ಮೇಲೆ ನೌಕೆ ಇಳಿಸಿದ ದೊಡ್ಡ ದೇಶಗಳು ಅದನ್ನು ಅನುಮೋದಿಸಲೇ ಇಲ್ಲ. ಭಾರತ 1982ರಲ್ಲಿ ಸಹಿ ಹಾಕಿ ಅಲ್ಲಿಗೇ ನಿಲ್ಲಿಸಿತು. ಅದರ ಬದಲು ವಿಶ್ವಸಂಸ್ಥೆಯ ಬಾಹ್ಯಾಕಾಶ ಸಮಿತಿ ಚಂದ್ರನ ಚಟುವಟಿಕೆಗಳ ಸಮಾಲೋಚನೆಗಾಗಿ 2024ರಲ್ಲಿ ನೇಮಿಸಿದ ತಂಡ ಮೊದಲು ಒಂದು ಸರಳ ನಮೂನೆ ಮಾಡಲಿ. ಇಳಿಯುವ ಜಾಗ, ದಿನಾಂಕ, ಇಳಿಯುವ ದಾರಿ, ಕಕ್ಷೆ, ರೇಡಿಯೊ ತರಂಗಾಂತರ, ಸಂಪರ್ಕಿಸಬೇಕಾದ ಅಧಿಕಾರಿ. ಇಷ್ಟು ಹೇಳಿದರೆ ಯಾರ ಗುಟ್ಟೂ ರಟ್ಟಾಗುವುದಿಲ್ಲ. ಖಾಸಗಿ ಕಂಪನಿ ಇಳಿಸಿದರೂ ಹೊಣೆ ಅದರ ದೇಶದ್ದೇ, ಹಾಗಾಗಿ ನಮೂನೆ ತುಂಬಿಸುವ ಕೆಲಸ ಆಯಾ ಸರ್ಕಾರದ್ದು. ಇನ್ನೊಬ್ಬರ ಕೆಲಸಕ್ಕೆ ಅಡ್ಡಿಯಾಗಬಹುದು ಅನ್ನಿಸಿದರೆ ಮೊದಲೇ ಸಮಾಲೋಚಿಸಬೇಕೆಂದು 1967ರ ಒಪ್ಪಂದದ ಒಂಬತ್ತನೇ ವಿಧಿ ಆಗಲೇ ಹೇಳಿದೆ. ಎಷ್ಟು ದಿನ ಮೊದಲು ಎನ್ನುವುದನ್ನು ಬರೆದು ಸೇರಿಸಬೇಕು.

ಇತಿ,
ಪತ್ರಿಕೆಯ ಒಬ್ಬ ಓದುಗ