ನಾಯಿಗೂ ಒಂದು ಕಲ್ಲು

ಪ್ರೀತಿಯ ಅಪ್ಪ, ಅವ್ವ,

ನಾವಿಲ್ಲಿ ಅಮೆರಿಕದಲ್ಲಿ ಚೆನ್ನಾಗಿದ್ದೇವೆ. ಅಪ್ಪನ ಮಂಡಿ ನೋವು ಈಗ ಹೇಗಿದೆ? ಎಣ್ಣೆ ಹಚ್ಚಿ ಬಿಸಿನೀರು ಹಾಕಿಸಿಕೊಳ್ಳಿ. ಈ ಚಳಿಗೆ ಬಿಡಬೇಡಿ.

ಕಳೆದ ಶನಿವಾರ ಗೆಟಿಸ್‌ಬರ್ಗ್ ಅನ್ನೋ ಊರಿಗೆ ಹೋಗಿದ್ದೆವು. ಹ್ಯಾರಿಸ್‌ಬರ್ಗ್‌ನಿಂದ ಕಾರಿನಲ್ಲಿ ಒಂದು ಗಂಟೆ ದಾರಿ, ಅಷ್ಟೇ. ಗುಲಾಮಗಿರಿ ಉಳಿಸಿಕೊಳ್ಳಬೇಕು ಅಂತ ದಕ್ಷಿಣದ ರಾಜ್ಯಗಳು ದೇಶ ಬಿಟ್ಟು ಹೊರಟಾಗ ಇಲ್ಲಿ ನಾಲ್ಕು ವರ್ಷ ತಮ್ಮತಮ್ಮಲ್ಲೇ ಯುದ್ಧ ನಡೆಯಿತಲ್ಲ, ಅದರಲ್ಲಿ ತುಂಬಾ ರಕ್ತ ಹರಿದ ಜಾಗ ಇದು. 1863ರ ಜುಲೈ 1ರಿಂದ 3. ಮೂರೇ ದಿನ. ಸತ್ತವರು, ಗಾಯಗೊಂಡವರು, ಸೆರೆ ಸಿಕ್ಕವರು, ಕಾಣೆಯಾದವರು ಎಲ್ಲ ಸೇರಿ ಸುಮಾರು 51,000 ಜನ.

ಈಗ ಅಲ್ಲಿ ಹೊಲ, ಮರದ ಬೇಲಿ, ಹಸಿರು ದಿಬ್ಬ. ನಡುವೆ ಎಲ್ಲಿ ನೋಡಿದರೂ ಕಲ್ಲು. ಸ್ಮಾರಕ, ಗುರುತಿನ ಫಲಕ ಎಲ್ಲ ಸೇರಿ 1,300ಕ್ಕೂ ಜಾಸ್ತಿ ಇವೆ. ಎಲ್ಲವನ್ನೂ ಸರ್ಕಾರವೇ ನೆಟ್ಟಿದ್ದು ಅಂದುಕೊಂಡಿದ್ದೆ. ಹಾಗಲ್ಲವಂತೆ. ಎಷ್ಟೋ ಕಲ್ಲುಗಳನ್ನು ಬದುಕಿ ಉಳಿದ ಸೈನಿಕರೇ ಮುಂದೆ ನಿಂತು ಹಾಕಿಸಿದ್ದಾರೆ. ಯುದ್ಧ ಮುಗಿದು ಇಪ್ಪತ್ತು, ಮೂವತ್ತು ವರ್ಷ ಆದ ಮೇಲೆ ಮತ್ತೆ ಬಂದು, ತಮ್ಮ ದಂಡು ನಿಂತಿದ್ದ ಜಾಗ ಹುಡುಕಿ, ಅಲ್ಲೇ ನಿಲ್ಲಿಸಿದ್ದಾರೆ. ಮಿನೆಸೋಟ ರಾಜ್ಯದ ಒಂದು ದಂಡಿನ ಕಲ್ಲಿನ ಮೇಲೆ 262 ಜನ ನುಗ್ಗಿದರು, 215 ಜನ ಬಿದ್ದರು ಅಂತ ಇದೆ. ಉಳಿದ 47 ಜನರ ಮನಸ್ಸು ಹೇಗಿದ್ದಿರಬೇಕು ಅಂತ ಸುಮ್ನೆ ನಿಂತುಬಿಟ್ಟೆ.

ಪಕ್ಕದಲ್ಲಿದ್ದ ಗೈಡ್ ಒಂದು ಗುಟ್ಟು ಹೇಳಿಕೊಟ್ಟರು. ಬ್ರಿಗೇಡ್‌ಗಳ, ಅಂದರೆ ಹಲವು ದಂಡು ಸೇರಿದ ತುಕಡಿಗಳ, ಕಂಚಿನ ಫಲಕ ನೋಡುವಾಗ ಕೆಳಗಿನ ಪೀಠ ನೋಡಬೇಕು. ಚೌಕವಾಗಿದ್ದರೆ ಉತ್ತರದವರದು, ದುಂಡಗಿದ್ದರೆ ದಕ್ಷಿಣದವರದು. ಅಕ್ಷರ ಓದೋ ಮೊದಲೇ ಗೊತ್ತಾಗುತ್ತದೆ.

ಅಪ್ಪ, ನಿಮ್ಮ ನೆನಪು ಜಾಸ್ತಿ ಬಂದಿದ್ದು ಓಕ್ ರಿಡ್ಜ್ ಅನ್ನೋ ದಿಬ್ಬದ ಮೇಲೆ. 11ನೇ ಪೆನ್ಸಿಲ್ವೇನಿಯಾ ದಂಡಿನ ಸ್ಮಾರಕ ಅದು, 1890ರದು. ಮೇಲೆ ಬಂದೂಕು ಹಿಡಿದ ಸೈನಿಕ. ಕೆಳಗೆ ಪೀಠದ ಬುಡದಲ್ಲಿ ಒಂದು ಕಂಚಿನ ನಾಯಿ ಮಲಗಿದೆ. ಹೆಸರು ಸ್ಯಾಲಿ. ಮರಿಯಾಗಿದ್ದಾಗಲೇ ದಂಡು ಸೇರಿದ್ದು. ಯುದ್ಧದ ಮೊದಲ ದಿನ ಆ ದಂಡು ಹಿಂದೆ ಸರಿದಾಗ ನಾಯಿ ಹೋಗಲಿಲ್ಲ. ಸತ್ತವರ, ಗಾಯಾಳುಗಳ ನಡುವೆಯೇ ಉಳಿಯಿತು. ಆಮೇಲೆ ಬಂದು ನೋಡಿದರೆ ಅಲ್ಲೇ ಇತ್ತಂತೆ. 1865ರಲ್ಲಿ ಇನ್ನೊಂದು ಕದನದಲ್ಲಿ ಗುಂಡು ತಾಗಿ ಸತ್ತಿತು. ಅದರ ಮುಂಗಾಲ ಹತ್ತಿರ ಯಾರೋ ಎರಡು ಬಿಸ್ಕತ್ತು ಇಟ್ಟು ಹೋಗಿದ್ದರು. ಮಂಜು ಬಿದ್ದು ಮೆತ್ತಗಾಗಿದ್ದವು.

ನಾನು ನಾಲ್ಕನೇ ಕ್ಲಾಸಿನಲ್ಲಿದ್ದಾಗ ಬೆಂಗಳೂರಿನ ಮ್ಯೂಸಿಯಂನಲ್ಲಿ ನನ್ನನ್ನು ಎತ್ತಿಕೊಂಡು ಆತಕೂರಿನ ನಾಯಿಯ ವೀರಗಲ್ಲು ತೋರಿಸಿದ್ದಿರಿ, ನೆನಪಿದೆಯಾ? ಕಾಳಿ ಅನ್ನೋ ನಾಯಿ ಹಂದಿಯ ಮೇಲೆ ಬಿದ್ದು ಕಾದಾಡಿ, ಎರಡೂ ಸತ್ತಿದ್ದು. ತಕ್ಕೋಲದ ಯುದ್ಧ ಗೆದ್ದಾಗ ಗಂಗರ ರಾಜ ಬೂತುಗ ಏನು ಬೇಕು ಕೇಳು ಅಂದರೆ ಅವನ ಬಂಟ ಮಣಲೇರ ಆ ನಾಯಿಯನ್ನೇ ಕೇಳಿದ ಅಂತ ನೀವು ಹೇಳಿದ್ದು ಹಾಗೇ ಕಿವಿಯಲ್ಲಿದೆ. ಅದಕ್ಕೂ ಇದಕ್ಕೂ 900 ವರ್ಷಕ್ಕಿಂತ ಹೆಚ್ಚು ಅಂತರ. ಅಲ್ಲೂ ನಾಯಿಯ ಹೆಸರು ಉಳಿದಿದೆ, ಇಲ್ಲೂ ಉಳಿದಿದೆ. ನನಗೆ ಕಣ್ಣು ತುಂಬಿ ಬಂತು.

ಸೈನಿಕರ ಸ್ಮಶಾನಕ್ಕೂ ಹೋದೆವು. ಆಗಿನ ಅಧ್ಯಕ್ಷ ಲಿಂಕನ್ ತಮ್ಮ ಹೆಸರಾಂತ ಭಾಷಣ ಮಾಡಿದ್ದು ಅದನ್ನು ಅರ್ಪಿಸುವ ದಿನವೇ. ಹೆಸರು ಗೊತ್ತಿಲ್ಲದ 979 ಜನರಿಗೆ ಒಂದೊಂದು ಪುಟ್ಟ ಬಿಳಿ ಚೌಕ ಕಲ್ಲು, ಅದರ ಮೇಲೆ ಬರೀ ನಂಬರ್. ಒಂದು ಕಲ್ಲನ್ನು ಹುಲ್ಲು ಮುಚ್ಚಿತ್ತು, ಕೈಯಲ್ಲಿ ಸರಿಸಿದೆ.

ಅವ್ವ, ಇದು ನಿನಗೆ. ಪಕ್ಕದ ಎವರ್‌ಗ್ರೀನ್ ಸ್ಮಶಾನದಲ್ಲಿ ಎಲಿಜಬೆತ್ ಥಾರ್ನ್ ಅನ್ನೋ ಹೆಂಗಸಿನ ಪ್ರತಿಮೆ ಇದೆ. ಅವಳ ಗಂಡ ಸ್ಮಶಾನದ ಕಾವಲುಗಾರ, ಯುದ್ಧಕ್ಕೆ ಹೋಗಿದ್ದ. ಇವಳು ಆರು ತಿಂಗಳ ಬಸುರಿ. ಆ ಜುಲೈ ಬಿಸಿಲಲ್ಲಿ, ಆ ನಾತದಲ್ಲಿ, ವಯಸ್ಸಾದ ಅಪ್ಪನ ಜೊತೆ ಸೇರಿ ಸುಮಾರು ನೂರು ಹೆಣಗಳಿಗೆ ಗುಂಡಿ ತೋಡಿ ಮಣ್ಣು ಮಾಡಿದಳು. ಪ್ರತಿಮೆಯಲ್ಲಿ ಹಣೆ ಒರೆಸಿಕೊಳ್ಳುತ್ತಾ ನಿಂತಿದ್ದಾಳೆ, ಇನ್ನೊಂದು ಕೈ ಹೊಟ್ಟೆಯ ಮೇಲೆ. ನನ್ನನ್ನು ಹೊಟ್ಟೆಯಲ್ಲಿಟ್ಟುಕೊಂಡು ನೀನು ನಾಟಿ ಹಾಕಿದ್ದು ನೆನಪಾಯಿತು. ಕುದುರೆ ಮೇಲಿನ ಜನರಲ್‌ಗಳಿಗೆ ಎಂದೋ ಪ್ರತಿಮೆ ಆಗಿತ್ತು. ಇವಳಿಗೆ ಸಿಕ್ಕಿದ್ದು 2002ರಲ್ಲಿ. ಇಷ್ಟು ತಡ ಮಾಡಬಾರದಿತ್ತು.

ಅಪ್ಪ, ನಮ್ಮ ಕೆರೆ ಏರಿಯ ವೀರಗಲ್ಲು ವಾಲಿದೆ, ಅದರ ಮೇಲೆ ಕುಡುಗೋಲು ಮಸೆಯುತ್ತಾರೆ ಅಂತ ಕಳೆದ ಸಲ ಫೋನಿನಲ್ಲಿ ಹೇಳಿದ್ದಿರಿ. ನಾಲ್ಕು ಜನ ಹುಡುಗರನ್ನು ಕರೆದುಕೊಂಡು ಅದನ್ನು ನೆಟ್ಟಗೆ ನಿಲ್ಲಿಸಿ. ಸಿಮೆಂಟು, ಕೂಲಿ ಎಷ್ಟಾಗುತ್ತೆ ಹೇಳಿ, ಕಳಿಸುತ್ತೇನೆ. ಬಣ್ಣ ಮಾತ್ರ ಬಳಿಯೋದು ಬೇಡ. ಅಕ್ಷರ ಇದ್ದರೆ ನೀರು ಹಾಕಿ ತೊಳೆದು ಒಂದು ಫೋಟೊ ತೆಗೆಸಿ ಕಳಿಸಿ.

ಇಂತಿ ನಿಮ್ಮ ಮಗಳು