ಮಗಳಿಗೊಂದು ಪತ್ರ: ಕತ್ತಿ ನಿಲ್ಲಿಸಿದ ಸಿನಿಮಾಗಳು

ಕೂಸೇ,

ದೀಪಾವಳಿಗೆ ಬಂದಾಗ ನೀನು ಟಿವಿಗೆ ಸಿಕ್ಕಿಸಿಟ್ಟು ಹೋದ ಸ್ಟಿಕ್ಕು ಚೆನ್ನಾಗಿ ನಡೆಯುತ್ತಿದೆ. "ಏನೇನು ನೋಡಿದೆ ಆಯಿ?" ಅಂತ ಫೋನಲ್ಲಿ ಕೇಳುತ್ತೀಯ, ನಾನು ಬಾಯಿ ತೆಗೆಯುವಷ್ಟರಲ್ಲಿ ನಿನಗೆ ಮೀಟಿಂಗ್ ಬಂದಿರುತ್ತದೆ. ಅದಕ್ಕೇ ಬರೆಯುತ್ತಿದ್ದೇನೆ. ಪುರುಸೊತ್ತಾದಾಗ ಓದು.

ಇಲ್ಲಿ ಅಡಿಕೆ ಗೊನೆಯ ಕೊಯ್ಲು, ನಮ್ಮ ಮಾತಲ್ಲಿ ಕೊನೆ ಕೊಯ್ಲು, ಜೋರು. ರಾತ್ರಿ ಊಟ ಆದಮೇಲೆ ಜಗುಲಿ ತುಂಬ ಹಸಿ ಅಡಿಕೆ, ಐದಾರು ಜನ ಮೆಟ್ಟುಗತ್ತಿ ಇಟ್ಟುಕೊಂಡು ಸುಲಿಯಲಿಕ್ಕೆ ಕೂರುತ್ತೇವೆ, ಎದುರಿಗೆ ಟಿವಿ. ಕತ್ತಿ ಹರಿತ ಇರುವಾಗ ಕಣ್ಣು ಅಡಿಕೆ ಮೇಲೇ ಇರಬೇಕು. ಹಾಗಾಗಿ ನೋಡುವುದಕ್ಕಿಂತ ಕೇಳುವುದೇ ಜಾಸ್ತಿ. ಸೀರಿಯಲ್‌ಗಳಿಗೆ ಅಷ್ಟೇ ಸಾಕಾಗುತ್ತದೆ ನೋಡು. ಸೊಸೆ ಅಳುತ್ತಾಳೆ, ಅಳುತ್ತಿದ್ದಾಳೆ ಅಂತ ಅತ್ತೆ ಹೇಳುತ್ತಾಳೆ, ಬಾಗಿಲ ಹಿಂದೆ ನಿಂತ ನಾದಿನಿ ಅದನ್ನೇ ಮನಸ್ಸಲ್ಲಿ ಅಂದುಕೊಳ್ಳುವುದೂ ನಮಗೆ ಕೇಳಿಸುತ್ತದೆ. ನೋಡುವವರಿಗೆ ತಾವಾಗೇ ಅರ್ಥ ಆಗುತ್ತದೆ ಅನ್ನುವ ನಂಬಿಕೆಯೇ ಇಲ್ಲವಲ್ಲ, ಅದು ನನಗೆ ಬೇಜಾರು.

ಹಾಗಂತ ಎಲ್ಲವನ್ನೂ ಬೈಯುವುದಿಲ್ಲ. 'ಪುಟ್ಟಕ್ಕನ ಮಕ್ಕಳು' 2021ರ ಕೊನೆಗೆ ಶುರುವಾದಾಗ ನಾನು ಕೂತಿದ್ದು ಉಮಾಶ್ರೀಗಾಗಿ. ಗಂಡ ಕೈಬಿಟ್ಟ ಹೆಂಗಸು ಮೆಸ್ ನಡೆಸಿ ಮೂರು ಹೆಣ್ಣುಮಕ್ಕಳನ್ನು ಸಾಕುವ ಕತೆ. ಅದೇ ಉಮಾಶ್ರೀಯನ್ನು ಮೊನ್ನೆ ಗಿರೀಶ್ ಕಾಸರವಳ್ಳಿಯವರ 'ಗುಲಾಬಿ ಟಾಕೀಸ್'ನಲ್ಲಿ ನೋಡಿದೆ. ಆ ಪಾತ್ರಕ್ಕೆ ಅವರಿಗೆ ರಾಷ್ಟ್ರಪ್ರಶಸ್ತಿ ಬಂದಿದೆ. ಗುಲಾಬಿ ಮೀನುಗಾರರ ಊರಿನಲ್ಲಿ ಒಬ್ಬಳೇ ಇರುವ ಸೂಲಗಿತ್ತಿ, ಸಿನಿಮಾ ಅಂದರೆ ಜೀವ. ಅವಳ ಮನೆಗೆ ಕಲರ್ ಟಿವಿ ಬರುತ್ತದೆ. ಗಂಡಸರು ಹೊರಗೆ ಹೋದ ಹೊತ್ತಿಗೆ ಊರಿನ ಹೆಂಗಸರು ಬಂದು ಕೂರುತ್ತಾರೆ, ಮೊದಲು ಹೆದರುತ್ತಾ, ಆಮೇಲೆ ದಿನಾ. ಅಲ್ಲಿ ಯಾರೂ ಏನನ್ನೂ ಬಿಡಿಸಿ ಹೇಳುವುದಿಲ್ಲ. ಆದರೆ ಟಿವಿಯ ಬೆಳಕು ಆ ಮುಖಗಳ ಮೇಲೆ ಬಿದ್ದಾಗ ನನಗೆ ನನ್ನ ಅಮ್ಮಮ್ಮನ ಮನೆಯ ಜಗುಲಿಯೇ ಕಂಡ ಹಾಗಾಯಿತು. ಎಷ್ಟೋ ಹೊತ್ತು ಒಂದು ಅಡಿಕೆಯನ್ನೂ ಸುಲಿಯಲಿಲ್ಲ ನಾನು. ಯಾವುದು ಕೈಯ ಕತ್ತಿ ನಿಲ್ಲಿಸುತ್ತದೋ ಅದು ಒಳ್ಳೆಯದು, ನನ್ನದು ಈಗ ಇದೊಂದೇ ಲೆಕ್ಕ.

1987ರಲ್ಲಿ 'ಮಾಲ್ಗುಡಿ ಡೇಸ್' ಬರುವಾಗ ನನಗೆ ಹನ್ನೊಂದು ವರ್ಷ. ನಮ್ಮ ಕೇರಿಗೆಲ್ಲ ಒಂದೇ ಟಿವಿ, ಯಾರಾದರೂ ಒಬ್ಬರು ಹೊರಗೆ ನಿಂತು ಆಂಟೆನಾ ತಿರುಗಿಸುತ್ತಾ ಇರಬೇಕಿತ್ತು. ಮಾತೆಲ್ಲ ಹಿಂದಿ. ನಮಗೆ ಒಂದಕ್ಷರ ಬಾರದು. ಆದರೂ ಅದರಲ್ಲಿನ ಪುಟ್ಟ ಹುಡುಗ ಸ್ವಾಮಿ ತನ್ನ ಅಪ್ಪನ ಎದುರು ಬಾಯಿ ಕಟ್ಟಿ ನಿಂತಾಗ ನಾವು ಹುಡುಗರೆಲ್ಲ ಉಸಿರು ಹಿಡಿದು ಕೂತಿರುತ್ತಿದ್ದೆವು, ಯಾಕೆಂದರೆ ಮನೆಯಲ್ಲಿ ನಮ್ಮದೂ ಅದೇ ಪಾಡು. ಆ ಅಪ್ಪನ ಪಾತ್ರ ಮಾಡಿದ ಗಿರೀಶ ಕಾರ್ನಾಡರು ನಮ್ಮ ಶಿರಸಿಯಲ್ಲಿ ಬೆಳೆದವರು. ಅದನ್ನು ಆಗುಂಬೆಯಲ್ಲಿ ತೆಗೆದ ಶಂಕರ್‌ನಾಗ್ ನಮ್ಮ ಹೊನ್ನಾವರದವರು. 1990ರಲ್ಲಿ ಅಪಘಾತದಲ್ಲಿ ತೀರಿಕೊಂಡಾಗ ಅವರಿಗೆ ಬರೀ 35. ಈಗ ಮತ್ತೆ ನೋಡಿದೆ ಕೂಸೇ, ಒಂದು ಕಂತೂ ಹಳೆಯದಾಗಿಲ್ಲ.

ಇನ್ನು ಅವರ ಅಣ್ಣ ಅನಂತ್‌ನಾಗ್ ಮಾಡಿದ 'ಗೋಧಿ ಬಣ್ಣ ಸಾಧಾರಣ ಮೈಕಟ್ಟು'. 2016ರದು, ನಾನು ನೋಡಿದ್ದು ಹೋದ ವಾರ. ಮರೆವಿನ ಕಾಯಿಲೆಯ ಅಪ್ಪ ಕಾಣೆಯಾಗುತ್ತಾನೆ, ಮಗ ಹುಡುಕುತ್ತಾ ಹೋಗುತ್ತಾನೆ. ಮಧ್ಯೆ ಬರುವ ರೌಡಿಗಳ ಕತೆ ನನಗೆ ಬೇಡವಾಗಿತ್ತು, ಸುಮ್ನೆ ಉದ್ದ ಮಾಡಿದರು ಅನಿಸಿತು. ಆದರೆ ಆ ಅಪ್ಪನ ನೋಟ! ಅಜ್ಜನ ಕೊನೆಯ ಎರಡು ವರ್ಷ ನೀನು ಹಾಸ್ಟೆಲ್‌ನಲ್ಲಿದ್ದೆ, ನಿನಗೆ ಪೂರ್ತಿ ಗೊತ್ತಿಲ್ಲ. ನಡುರಾತ್ರಿ ಎದ್ದು ಬಾಗಿಲ ಅಗುಳಿ ತೆಗೆದು "ಕೊನೆಗೌಡ ಬಂದನೋ?" ಅಂತ ಕೇಳುತ್ತಿದ್ದರು, ಮರ ಹತ್ತಿ ಅಡಿಕೆ ಕೊನೆ ಇಳಿಸುವವನನ್ನು, ಸುರಿಯುವ ಮಳೆಗಾಲದಲ್ಲಿ. ದಿನಾ ಸಮಾಧಾನ ಹೇಳಿ ಮಲಗಿಸುತ್ತಿದ್ದೆ. ಒಂದು ರಾತ್ರಿ ಮಾತ್ರ ತಾಳ್ಮೆ ಕೆಟ್ಟು, "ಮಲಗಿ ಮಾವ ಸುಮ್ನೆ, ಯಾರೂ ಬಂದಿಲ್ಲ" ಅಂತ ರೇಗಿಬಿಟ್ಟೆ. ಅವರು ಏನೂ ಅನ್ನದೆ ಹೋಗಿ ಕೂತರು. ಸಿನಿಮಾದ ಮಗ ಅಪ್ಪನ ಮೇಲೆ ರೇಗುವಾಗ ನನಗೆ ಆ ರಾತ್ರಿಯೇ ಕಣ್ಣಿಗೆ ಬಂತು. ನಿನ್ನ ಅಪ್ಪನೂ ಕತ್ತಿ ಬದಿಗಿಟ್ಟು ಎದ್ದು ಅಂಗಳಕ್ಕೆ ಹೋದರು. ಏನು ಎತ್ತ ಅಂತ ನಾನು ಕೇಳಲಿಲ್ಲ.

'ಕಾಂತಾರ' ಬಗ್ಗೆ ನೀನೇ ಎಷ್ಟೋ ಹೇಳಿದ್ದೀಯ. ಕೊನೆಯ ಭಾಗ ನೋಡಿ ನನಗೂ ಮೈ ಜುಮ್ಮೆಂದಿತು. ಅದಕ್ಕಿಂತ ಖುಷಿ ಅಂದರೆ ಕುಂದಾಪುರದ ಮಾತನ್ನು ರಾಜ್ಯ ಪೂರ್ತಿ ಕೇಳಿತು. ನಮ್ಮ ಕಡೆಯ ಮಾತು ಸಿನಿಮಾದಲ್ಲಿ ಬಂದರೆ ಅಡುಗೆ ಭಟ್ಟರ ಬಾಯಲ್ಲಿ, ಅದೂ ನಗಿಸಲಿಕ್ಕೆ. ನಾವು ಅಳುವುದೂ ಜಗಳ ಆಡುವುದೂ ಇದೇ ಮಾತಲ್ಲಿ ಅಲ್ವಾ? ಆದರೆ ಆ ಹುಡುಗ ಹುಡುಗಿಯ ಸೊಂಟ ಚಿವುಟುವುದು ನನಗೆ ಹಿಡಿಸಲಿಲ್ಲ. ಅದನ್ನು ಪ್ರೀತಿ ಅಂತ ತೋರಿಸಬಾರದಿತ್ತು. ನಿನಗೂ ಹಿಡಿಸಿರಲಿಕ್ಕಿಲ್ಲ ಅಂದುಕೊಂಡಿದ್ದೇನೆ.

ನೀನು ಹೇಳಿದ 'ತಿಥಿ'ಯನ್ನೂ ಹಾಕಿದ್ದೆ. ಮಂಡ್ಯದ ಕಡೆಯ ಹಳ್ಳಿಯವರೇ ಅದರಲ್ಲಿ ಪಾತ್ರ ಮಾಡಿದ್ದಾರೆ ಅಂದಿದ್ದೆಯಲ್ಲ, ನಿಜವಾಗಿಯೂ ನಟನೆ ಅನಿಸಲೇ ಇಲ್ಲ. ಆ ಗಡ್ಡದ ಮುದುಕನನ್ನು ಕಂಡು ಜೋರು ನಗು ಬಂತು, ಪಕ್ಕಕ್ಕೆ ತಿರುಗಿದರೆ ಅಪ್ಪ ಗೋಡೆಗೆ ಒರಗಿ ನಿದ್ದೆ. ಹತ್ತು ನಿಮಿಷಕ್ಕೇ ನಿಲ್ಲಿಸಿ ಇಟ್ಟಿದ್ದೇನೆ. ಮಾರಿಕಾಂಬೆ ಜಾತ್ರೆಗೆ ನೀನು ಬರುವ ಹೊತ್ತಿಗೆ ಸುಲಿಯುವ ಕೆಲಸವೂ ಮುಗಿದಿರುತ್ತದೆ, ಆಗ ನೋಡೋಣ. ರಜೆ ಎರಡು ದಿನ ಜಾಸ್ತಿ ಹಾಕಿ ಬಾ.

ನಿನ್ನ ಆಯಿ