ಶಿಲೋಂಡಾ ಹಾದಿಯ ಹಿರಿಯರಿಗೆ

ಮುಂಬಯಿ ಬೊರಿವಲಿಯ ಸಂಜಯ ಗಾಂಧಿ ರಾಷ್ಟ್ರೀಯ ಉದ್ಯಾನದ ಶಿಲೋಂಡಾ ಹಾದಿಯಲ್ಲಿ ನಮ್ಮ ಅತ್ತೆಯವರನ್ನು ಕೈಹಿಡಿದು ತೊರೆ ದಾಟಿಸಿದ ಹಿರಿಯರೇ, ಹೆಸರು ಕೇಳುವಷ್ಟರಲ್ಲಿ ನೀವು ಮುಂದೆ ಸಾಗಿದ್ದಿರಿ. ಅದಕ್ಕೇ ಇಲ್ಲಿ ಬರೆಯುತ್ತಿದ್ದೇನೆ.

ಹಾದಿ ಸುಲಭದ್ದೇ, ಏರು ಹೆಚ್ಚಿಲ್ಲ. ಆದರೆ ಪಾಚಿ ಕಟ್ಟಿದ ಬಂಡೆಗೆ ಎಪ್ಪತ್ತು ದಾಟಿದ ಮೊಣಕಾಲಿನ ಮೇಲೆ ಕರುಣೆಯಿಲ್ಲ. ನಮ್ಮ ಕನ್ನಡ ಕಿವಿಗೆ ಬಿದ್ದದ್ದೇ ತಡ, "ಅಮ್ಮಾ, ಒಣಗಿದ ಕಲ್ಲಿನ ಮೇಲೆಯೇ ಕಾಲಿಡಿ, ಅವಸರವಿಲ್ಲ" ಎಂದಿರಿ. ಅರ್ಧ ಭಯ ಅಲ್ಲಿಯೇ ಇಳಿಯಿತು.

ಆಮೇಲಿನದು ನನಗೆ ಸಿಕ್ಕ ಲಾಭ. ಬರೀ ಪೊದೆಯೆಂದು ದಾಟಿಹೋಗುವವರನ್ನು ನಿಲ್ಲಿಸಿ, ಒರಟು ಎಲೆಯೊಂದನ್ನು ಅತ್ತೆಯವರ ಬೆರಳಿಗೆ ತಾಗಿಸಿದಿರಿ. ಅದು ಕಾರ್ವಿ. ಎಂಟು ವರ್ಷಕ್ಕೊಮ್ಮೆ ಗುಡ್ಡವೆಲ್ಲ ನೇರಳೆಯಾಗುವಂತೆ ಹೂಬಿಟ್ಟು, ಬೀಜ ಕಟ್ಟಿ ಸಾಯುವ ಗಿಡ; ಇಲ್ಲಿ 2016ರಲ್ಲಿ, ಮತ್ತೆ 2024ರಲ್ಲಿ ಅರಳಿತ್ತು. ಅದರ ಕಡ್ಡಿಗಳನ್ನು ಸಾಲಾಗಿ ಕಟ್ಟಿ, ಮಣ್ಣು ಸೆಗಣಿ ಮೆತ್ತಿದರೆ ವಾರ್ಲಿ ಆದಿವಾಸಿಗಳ ಮನೆಯ ಗೋಡೆ. ಮುಂಬಯಿಯಲ್ಲೇ ಹುಟ್ಟಿ ಬೆಳೆದ ನನಗೆ ಇದಾವುದೂ ಗೊತ್ತಿರಲಿಲ್ಲ.

ಅತ್ತೆಯವರು 2032ರ ಹೂವು ನೋಡಿಯೇ ಸಿದ್ಧ ಎನ್ನುತ್ತಿದ್ದಾರೆ. ಅದಕ್ಕೂ ಮೊದಲು ಎಲ್ಲಾದರೂ ಸಿಕ್ಕರೆ ಮನೆಗೆ ಬನ್ನಿ. ಅವರ ಕೈಯ ಪತ್ರೊಡೆ ನಿಮಗಾಗಿ ಕಾದಿದೆ.